ದಳವಾಯಿಯ ಮನೆಯ ಅಗುಳಿ

"ನಮ್ಮ ದಂಡು ಈಗ ಮೊದಲಿನ ದಂಡಲ್ಲ!" ಎಂದು ಕುಂದಣಗಿರಿಯ ಅರಸ ಹೊನ್ನರಾಯ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ. "ಅದರ ಹೆಸರು ಈಗ ಪ್ರಜಾರಕ್ಷಕ ಬಳಗ. ಕೆಂಪು ರುಮಾಲು ಹೋಗಿ ಬಿಳಿ ರುಮಾಲು ಬಂದಿದೆ. ಯುದ್ಧ ಮುಗಿದ ಮೇಲೆ ಒಬ್ಬನೇ ಒಬ್ಬ ಪ್ರಜೆ ದೂರು ಕೊಟ್ಟಿಲ್ಲ!"

ರುಮಾಲಿನ ಕೆಳಗಿದ್ದ ತಲೆಗಳು ಮಾತ್ರ ಹಳೆಯವೇ. ಆದರೆ ಅದನ್ನು ಹೇಳುವವರು ಯಾರು?

ಅರಸನಿಗೂ ಅವನ ದಾಯಾದಿಗೂ ಯುದ್ಧ ನಡೆದಾಗ, ಊರೊಳಗೆ ಶತ್ರುವಿನ ಗೂಢಚಾರರು ಅಡಗಿದ್ದಾರೆಂದು ದಳವಾಯಿ ಕೆಂಚರಾಜ ಮನೆಮನೆಯ ಬಾಗಿಲಿನ ಅಗುಳಿ ಕೀಳಿಸಿದ್ದ. ದಂಡಿನವರು ಬೇಕೆಂದಾಗ ಒಳಗೆ ನುಗ್ಗಿ ಹುಡುಕಬೇಕಲ್ಲ! ಯುದ್ಧ ಮುಗಿಯಿತು. ದಾಯಾದಿ ಬಂದು ಅರಸನ ಪಕ್ಕದಲ್ಲೇ ಕೂತು ಹೋಳಿಗೆ ಉಂಡು ಹೋದ. ಅಗುಳಿಗಳು ಮಾತ್ರ ಅರಮನೆಯ ಉಗ್ರಾಣದಲ್ಲೇ ಉಳಿದವು. ದಂಡಿನವರು ಈಗಲೂ ರಾತ್ರಿ ಮನೆಗಳಿಗೆ ನುಗ್ಗುತ್ತಿದ್ದರು. ಗೂಢಚಾರರು ಸಿಗದಿದ್ದರೂ ತುಪ್ಪದ ಗಡಿಗೆಯಂತೂ ಸಿಗುತ್ತಿತ್ತು.

ಗಾಣದ ಬೀದಿಯ ನಿಂಗಕ್ಕ ಹಿಂದಿನ ದಿನವಷ್ಟೇ ಆಸ್ಥಾನದ ವಿದೂಷಕ ಸೂರಪ್ಪನ ಜಗಲಿಯಲ್ಲಿ ಕೂತು ಅತ್ತಿದ್ದಳು. "ಎಣ್ಣೆ ಹೋದ್ರೆ ಹೋಗ್ಲಿ ಸ್ವಾಮಿ. ಮನೇಲಿ ಬೆಳೆದ ಮಗಳಿದಾಳೆ. ರಾತ್ರಿಯೆಲ್ಲ ಎದ್ದು ಕೂತಿರ್ತೀನಿ. ನೆಮ್ಮದಿಯಾಗಿ ನಿದ್ದೆ ಮಾಡಿ ಎಷ್ಟು ಕಾಲ ಆಯ್ತೋ."

ಸೂರಪ್ಪ ಆ ಮಾತನ್ನು ಮರೆತಿರಲಿಲ್ಲ. ಈಗ ಎದ್ದು ನಿಂತ.

"ಪ್ರಭು, ದಂಡಿನ ಮೇಲೆ ದೂರಿದ್ದರೆ ಜನ ಯಾರಿಗೆ ಕೊಡಬೇಕು?"

"ದಳವಾಯಿಗಳಿಗೆ."

"ವಿಚಾರಣೆ ಯಾರು ಮಾಡುತ್ತಾರೆ?"

"ದಳವಾಯಿಗಳೇ."

"ಹಾಗಾದರೆ ದೂರು ಬರದೇ ಇರುವುದರಲ್ಲಿ ಆಶ್ಚರ್ಯವೇನಿಲ್ಲ ಬಿಡಿ."

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಅರಸನಿಗೆ ರೇಗಿತು. "ನಾಳೆ ಸಭೆ ಮುಗಿಯುವುದರೊಳಗೆ, ಇಲ್ಲೇ, ದಳವಾಯಿಗಳ ಎದುರಿಗೇ, ನಮ್ಮ ದಂಡಿನ ಭಯವಿದೆ ಅಂತ ಒಬ್ಬರ ಬಾಯಿಂದ ಹೇಳಿಸು. ಹೇಳಿಸಿದರೆ ಎಲ್ಲರ ಅಗುಳಿ ವಾಪಸು. ಇಲ್ಲದಿದ್ದರೆ ಅವನ್ನೆಲ್ಲ ಅರಮನೆಯ ಒಲೆಗೆ ಹಾಕಿಸುತ್ತೇನೆ. ನೀನು ಊರು ಬಿಡಬೇಕು."

"ನಾಳೆಯವರೆಗೆ ಯಾಕೆ ಪ್ರಭು?" ಎಂದು ದಳವಾಯಿ ನಕ್ಕ. ಅರಮನೆಗೆ ಎಣ್ಣೆ ಹಾಕಲು ಬಂದಿದ್ದ ನಿಂಗಕ್ಕನನ್ನೇ ಒಳಗೆ ಕರೆಸಿದ. ಅವಳೆದುರು ನಿಂತು ಕತ್ತಿಯ ಹಿಡಿ ಒರೆಸುತ್ತಾ ಕೇಳಿದ: "ಏನಮ್ಮ, ನಮ್ಮವರಿಂದ ಏನಾದರೂ ತೊಂದರೆ?"

"ಅಯ್ಯೋ, ಇಲ್ಲ ಬುದ್ಧಿ! ಬಂಗಾರದಂಥ ಜನ. ನಮ್ಮ ನೆಂಟರಿಗಿಂತ ಹೆಚ್ಚಾಗಿ ಮನೆಗೆ ಬಂದು ಹೋಗ್ತಾರೆ."

"ಕೇಳಿದಿರಾ ಪ್ರಭು?" ದಳವಾಯಿ ಉಬ್ಬಿಹೋದ. "ನನ್ನ ಒಬ್ಬೊಬ್ಬ ಬಂಟನೂ ನನಗೆ ಮಗನಿದ್ದ ಹಾಗೆ!"

ಸೂರಪ್ಪ ಕೈಮುಗಿದ. "ನನ್ನದೇ ತಪ್ಪು. ಇಂಥ ದಂಡಿಗೆ ಮರ್ಯಾದೆ ಸಲ್ಲಲೇಬೇಕು. ಆದರೆ ಪ್ರಭು, ಊರಿಗೆಲ್ಲ ಇಲ್ಲದ ಅಗುಳಿ ದಳವಾಯಿಗಳ ಮನೆಗೆ ಮಾತ್ರ ಇದೆ. ಮಗನಂಥವರು ಹೊರಗೆ ಕಾವಲಿರುವಾಗ ಒಳಗಿಂದ ಅಗುಳಿ ಹಾಕಿಕೊಂಡರೆ ಅವರಿಗೆ ಅವಮಾನವಲ್ಲವೇ?"

"ಹೌದಲ್ಲ!" ಎಂದ ಅರಸ. "ಇವತ್ತೇ ಕೀಳಿಸಿ."

"ಇನ್ನೊಂದು ಬಿನ್ನಹ. ನಿಂಗಕ್ಕ ಇಷ್ಟು ಹೊಗಳಿದಳಲ್ಲ, ಆ ಗಾಣದ ಬೀದಿಯ ಕಾವಲಿನವರನ್ನೇ ಇವತ್ತು ದಳವಾಯಿಗಳ ಮನೆಗೆ ಹಾಕಬೇಕು."

ದಳವಾಯಿ ಏನೋ ಹೇಳಲು ಬಾಯಿ ತೆರೆದ. ತಾನೇ ಈಗಷ್ಟೇ ಆಡಿದ ಮಾತು ನೆನಪಾಗಿ ಮುಚ್ಚಿಕೊಂಡ.

ಮರುದಿನ ಸಭೆಗೆ ಬಂದವನ ಕಣ್ಣು ಕೆಂಡದ ಹಾಗಿತ್ತು. ಕಂಬಕ್ಕೊರಗಿ ತೂಕಡಿಸಿದ, ಎಚ್ಚೆತ್ತ, ಮತ್ತೆ ತೂಕಡಿಸಿದ. ಕೊನೆಗೆ ತಡೆಯಲಾರದೆ, "ಪ್ರಭು, ನನ್ನ ಅಗುಳಿ ವಾಪಸು ಕೊಡಿಸಬೇಕು" ಎಂದ.

"ಯಾಕೆ? ಶತ್ರುಗಳ ಭಯವೇ?" ಸೂರಪ್ಪ ಕೇಳಿದ.

"ಶತ್ರುಗಳೆಲ್ಲಿದ್ದಾರೆ? ಯುದ್ಧ ಮುಗಿಯಿತಲ್ಲ."

"ಕಳ್ಳರ ಭಯವೇ?"

"ನನ್ನ ಮನೆಗೆ ಬರುವಷ್ಟು ಧೈರ್ಯ ಯಾವ ಕಳ್ಳನಿಗಿದೆ?"

"ಮತ್ತೇನು? ಬಾಗಿಲಲ್ಲಿ ನಿಮ್ಮವರೇ ಇದ್ದಾರಲ್ಲ!"

"ಅದೇ ಕಣಯ್ಯ, ಅವರೇ ಇದ್ದಾರಲ್ಲ!" ದಳವಾಯಿ ಕೂಗಿಯೇಬಿಟ್ಟ. "ಹೆಂಡತಿ ಮಕ್ಕಳನ್ನು ಒಳಕೋಣೆಗೆ ಕಳಿಸಿ, ಕತ್ತಿ ಹಿಡಿದು ನಡುಮನೆಯಲ್ಲಿ ಕೂತಿದ್ದೆ. ಅವರು ಎಂಥವರು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ದಳವಾಯಿ ನಾಲಿಗೆ ಕಚ್ಚಿಕೊಂಡ.

ಅರಸನಿಗೆ ನಾಚಿಕೆಯಾಯಿತು. ತಲೆ ತಗ್ಗಿಸಿ ಹೇಳಿದ: "ಗೆದ್ದೆ ಸೂರಪ್ಪ. ಎಲ್ಲರ ಅಗುಳಿಯೂ ಇವತ್ತೇ ಅವರವರ ಮನೆ ಸೇರಲಿ. ಇನ್ನು ಮೇಲೆ ದಂಡಿನ ಮೇಲಿನ ದೂರನ್ನು ಊರಿನ ಹಿರಿಯರು ಕೇಳಲಿ."

"ಪ್ರಭು, ನನ್ನ ಅಗುಳಿ?" ದಳವಾಯಿ ಗೋಗರೆದ.

ಅರಸ ಸೂರಪ್ಪನ ಮುಖ ನೋಡಿದ.

"ಕೊಡೋಣ ದಳವಾಯಿಗಳೇ, ಖಂಡಿತ ಕೊಡೋಣ" ಎಂದ ಸೂರಪ್ಪ. "ನಿಂಗಕ್ಕ ಯಾವತ್ತು ತನ್ನ ಮನೆಗೆ ಅಗುಳಿ ಹಾಕದೆ ಹಾಯಾಗಿ ನಿದ್ದೆ ಮಾಡುತ್ತಾಳೋ, ಆವತ್ತು ನಿಮ್ಮ ಅಗುಳಿ ನಿಮಗೆ."

ಅರಸ ಹೊಟ್ಟೆ ಹಿಡಿದುಕೊಂಡು ನಕ್ಕು, "ಹಾಗೇ ಆಗಲಿ!" ಎಂದು ಅಪ್ಪಣೆ ಕೊಟ್ಟ. ದಳವಾಯಿ ಅದೇ ಸಂಜೆಯಿಂದ ತನ್ನ ದಂಡನ್ನು ತಿದ್ದಲು ಶುರುಮಾಡಿದ. ಅಷ್ಟು ಶ್ರದ್ಧೆಯ ದಳವಾಯಿಯನ್ನು ಆ ಊರು ಅದುವರೆಗೆ ಕಂಡಿರಲಿಲ್ಲವಂತೆ.