ಸುಮ್ಮನಿದ್ದವನ ಮೆಟ್ಟಿಲು

ಬಿದರಗುಂಡಿಯ ಊರಬಾಗಿಲ ಎದುರಿಗೇ ಒಂದು ಹೊಂಡವಿದೆ. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು; ಊರ ಕಡೆಯಿಂದ ಇಳಿದರೆ ಏಳನೆಯದು ಉಳಿದವುಗಳಿಗಿಂತ ಎರಡರಷ್ಟು ಅಗಲ, ನಡುವೆ ಸ್ವಲ್ಪ ತಗ್ಗು. ಅದಕ್ಕೆ ಸುಮ್ಮನಿದ್ದವನ ಮೆಟ್ಟಿಲು ಎನ್ನುತ್ತಾರೆ. ಯಾರೋ ಮೌನವ್ರತದ ಋಷಿ ಇಲ್ಲಿ ತಪಸ್ಸು ಮಾಡಿದನೆಂದು ಪೇಟೆಯಿಂದ ಬಂದವರು ಬರೆದುಕೊಂಡು ಹೋಗಿದ್ದಾರೆ. ಋಷಿಯಂತೆ, ತಪಸ್ಸಂತೆ! ಊರಲ್ಲಿ ಒಬ್ಬರನ್ನಾದರೂ ಕೇಳಬಾರದಿತ್ತೇ? ಅವನು ಋಷಿಯಲ್ಲ, ಸಿಪಾಯಿ. ಹೆಸರು ಕಾಟಯ್ಯ.

ಹಿಂದೆ ಒಮ್ಮೆ, ಈ ಸೀಮೆಯನ್ನು ಪಾಳೆಯಗಾರರು ಆಳುತ್ತಿದ್ದಾಗ, ಕಡಲಾಚೆಯ ದ್ವೀಪವೊಂದರಲ್ಲಿ ಅಣ್ಣತಮ್ಮಂದಿರಿಬ್ಬರು ಗದ್ದುಗೆಗಾಗಿ ಕಾದಾಡುತ್ತಿದ್ದರಂತೆ. ಅವರಲ್ಲಿ ಒಬ್ಬನಿಗೆ ನಮ್ಮ ದೊರೆ ಮುನ್ನೂರು ಆಳು ಕೊಡುತ್ತೇನೆಂದು ಮಾತು ಕೊಟ್ಟ. ಅವರ ಮನೆಜಗಳಕ್ಕೂ ನಮಗೂ ಏನು ಸಂಬಂಧ? ಊರೂರಿನ ಹೆಂಗಸರು ಹಿಡಿಶಾಪ ಹಾಕಿದರು. ಆದರೂ ಡಂಗುರ ಸಾರಿದ ಮೇಲೆ ಹೋಗದೆ ವಿಧಿಯಿಲ್ಲ. ಬಿದರಗುಂಡಿಯಿಂದ ಇಪ್ಪತ್ತು ಮಂದಿ ಹೊರಟರು. ಕಾಟಯ್ಯ ಹೊರಟಾಗ ಅವನ ಹೆಂಡತಿ ಬೋರಮ್ಮನಿಗೆ ಐದು ತಿಂಗಳು.

ನಾಲ್ಕು ವರ್ಷ ಕಳೆದು ಹನ್ನೆರಡು ಮಂದಿ ತಿರುಗಿ ಬಂದರು. ದಂಡಿಗೆ ಹೋಗಿ ಬಂದವರು ನೇರವಾಗಿ ಊರೊಳಗೆ ಕಾಲಿಡುವ ಹಾಗಿರಲಿಲ್ಲ. ಹೊಂಡದ ಏಳನೆಯ ಮೆಟ್ಟಿಲ ಮೇಲೆ ನಿಲ್ಲಬೇಕು. ಊರ ಯಜಮಾನ ಮೇಲಿನಿಂದ ಕೇಳುತ್ತಾನೆ: "ಕತ್ತಿ ಎತ್ತಿದ್ದು ಯಾರಿಗಾಗಿ?" ಸಿಪಾಯಿ "ಊರಿಗಾಗಿ" ಎನ್ನಬೇಕು. ಎಂದರೆ ಅವನ ಕತ್ತಿಗೆ ಅಂಟಿದ್ದನ್ನು ಊರೆಲ್ಲ ಹಂಚಿಕೊಂಡ ಹಾಗೆ. ಆಮೇಲೆ ಕತ್ತಿ, ಕೈ ತೊಳೆದು ಮನೆಗೆ ಹೋಗಬಹುದು. ಎನ್ನದಿದ್ದವನಿಗೆ ಹೊಂಡದ ನೀರೂ ಇಲ್ಲ, ಊರೂ ಇಲ್ಲ. ಅಲ್ಲಿಯವರೆಗೆ ಎನ್ನದಿದ್ದವನು ಒಬ್ಬನೂ ಇರಲಿಲ್ಲ. ಆ ದಿನವೂ ಹನ್ನೊಂದು ಮಂದಿ ಎಂದರು, ತೊಳೆದರು, ಹೋದರು.

ಕಾಟಯ್ಯನ ಸರದಿ ಬಂತು. ಯಜಮಾನ ಸೂರಯ್ಯ ಮೂರು ಸಲ ಕೇಳಿದ. ಮೂರು ಸಲವೂ ಕಾಟಯ್ಯ ಸುಮ್ಮನಿದ್ದ. ಮೇಲೆ ಬೋರಮ್ಮ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಿದ್ದಳು. ಅಪ್ಪ ಆ ಮಗುವಿನ ಮುಖವನ್ನು ನೋಡಿದ್ದು ಅದೇ ಮೊದಲು. ತೊಳೆಯದ ಕೈಯಲ್ಲಿ ಅದನ್ನು ಮುಟ್ಟುವ ಹಾಗಿಲ್ಲ, ಮನೆಯವರು ಅವನ ಬಳಿಗೆ ಇಳಿದು ಹೋಗುವ ಹಾಗೂ ಇಲ್ಲ.

"ಒಂದೇ ಒಂದು ಮಾತು ಕಣಯ್ಯಾ, ಅಂದುಬಿಡು. ನಿನ್ನ ದಮ್ಮಯ್ಯ," ಎಂದು ಬೋರಮ್ಮ ಮೇಲಿನಿಂದಲೇ ಅತ್ತಳು.

ಆಗ ಕಾಟಯ್ಯ ಬಾಯಿಬಿಟ್ಟ. ಯಜಮಾನನಿಗಲ್ಲ, ಅವಳಿಗೆ ಹೇಳಿದ. "ಅಲ್ಲೊಬ್ಬ ಏತದ ಮೇಲೆ ನಿಂತು ಹೊಲಕ್ಕೆ ನೀರು ಎತ್ತುತ್ತಿದ್ದ ಬೋರೀ. ನಮ್ಮಪ್ಪ ನಿಲ್ಲುತ್ತಿದ್ದನಲ್ಲ, ಒಂದು ಕಾಲು ಮುಂದಿಟ್ಟು, ಹಂಗೇ. ನಮ್ಮನ್ನು ನೋಡಿದರೂ ಇಳಿಯಲಿಲ್ಲ. ಪೈರು ಒಣಗುತ್ತಿತ್ತೇನೋ. ಇಳಿಸು ಅಂದರು, ನಾನು ಕತ್ತಿಯಿಂದ ಇಳಿಸಿದೆ. ಬಿದರಗುಂಡಿ ಅಂತ ಒಂದು ಊರಿದೆ ಅನ್ನೋದೇ ಅವನಿಗೆ ಗೊತ್ತಿರಲಿಲ್ಲ. ಊರಿಗಾಗಿ ಅಂದರೆ ನಿನಗಾಗಿ, ಈ ಕೂಸಿಗಾಗಿ ಕೊಂದೆ ಅಂದ ಹಾಗೆ. ಅವನ ಸಾವನ್ನು ಇದರ ತಲೆಗೆ ಹೆಂಗೆ ಕಟ್ಟಲಿ?"

ಆಗಲೇ ಕೈ ತೊಳೆದಿದ್ದವರಿಗೆ ಮೈಯೆಲ್ಲ ಉರಿಯಿತು. ಇವನೊಬ್ಬ ಸತ್ಯವಂತನಾದರೆ ತಾವು ಯಾರಾದಂತಾಯಿತು? ಹೇಡಿ ಎಂದರು, ತಲೆ ಕೆಟ್ಟಿದೆ ಎಂದರು. ಸೂರಯ್ಯ ಮಾತ್ರ ಏನೂ ಬೈಯಲಿಲ್ಲ. "ಕಟ್ಟಳೆ ಮುರಿಯೋಕೆ ನನ್ನ ಕೈಲಾಗಲ್ಲ ಮಗಾ. ನೀನು ತಪ್ಪು ಅನ್ನೋಕೂ ಆಗಲ್ಲ," ಎಂದು ಹೇಳಿ ಮನೆಗೆ ಹೋದನಂತೆ.

ಕಾಟಯ್ಯ ಒಂಬತ್ತು ದಿನ ಆ ಮೆಟ್ಟಿಲ ಮೇಲೆಯೇ ಕೂತಿದ್ದ. ಬೋರಮ್ಮ ಹೊತ್ತುಹೊತ್ತಿಗೆ ಮುದ್ದೆಯನ್ನೂ ಒಂದು ಚೊಂಬು ನೀರನ್ನೂ ಮೇಲಿನ ಮೆಟ್ಟಿಲಲ್ಲಿಟ್ಟು ಹೋಗುತ್ತಿದ್ದಳು. ಹತ್ತನೆಯ ದಿನ ಬೆಳಿಗ್ಗೆ ಮುದ್ದೆ ತರಲಿಲ್ಲ. ಮಗಳನ್ನು ಎತ್ತಿಕೊಂಡು, ಎಲ್ಲರೂ ನೋಡುತ್ತಿದ್ದಂತೆಯೇ, ಏಳು ಮೆಟ್ಟಿಲು ಇಳಿದು ಅವನ ತೊಡೆಯ ಮೇಲೆ ಕೂರಿಸಿದಳು. ಮಗು ಹೊಸಬನನ್ನು ಕಂಡು ಚಿಟಾರನೆ ಚೀರಿತು; ಕಾಟಯ್ಯ ಬಿಕ್ಕಿ ಬಿಕ್ಕಿ ಅತ್ತ. ಅಲ್ಲಿಗೆ ತಾಯಿಮಗಳಿಗೂ ಊರು ತಪ್ಪಿತು. ಮೂವರೂ ಹೊಂಡದ ಆಚೆ ದಡದಲ್ಲಿ ಗುಡಿಸಲು ಹಾಕಿಕೊಂಡರು, ಮಳೆನೀರು ಹಿಡಿದು ಕುಡಿದರು, ಅಲ್ಲಿಯೇ ತೀರಿಕೊಂಡರು ಎನ್ನುತ್ತಾರೆ. ಕತ್ತಿ ಏನಾಯಿತೆಂದು ಗೊತ್ತಿಲ್ಲ. ಹೊಂಡ ಬತ್ತಿದ ವರ್ಷ ಹುಡುಕಿದವರಿಗೆ ಒಡೆದ ಕೊಡಗಳು ಸಿಕ್ಕವು, ಅಷ್ಟೇ.

ಕತ್ತಿಯ ಕಾಲ ಹೋದರೂ ಕಟ್ಟಳೆ ಹೋಗಲಿಲ್ಲ. ನನ್ನ ಕಾಲಕ್ಕೂ ಸೈನ್ಯದ ಪಟಾಲಮಿನಿಂದ ಬಂದವರು ಅಲ್ಲಿ ನಿಂತು ಉತ್ತರ ಹೇಳಿ, ಕೈ ತೊಳೆದೇ ಮನೆಗೆ ಹೋಗಬೇಕಿತ್ತು. ನಾನೂ ಕಡಲು ದಾಟಿ ಹೋದವನೇ. ನಾವು ಹೋದದ್ದು ಅಲ್ಲಿಯವರಿಗೂ ಬೇಕಿರಲಿಲ್ಲ, ಇಲ್ಲಿಯವರಿಗೂ ಬೇಕಿರಲಿಲ್ಲ. ಅಲ್ಲಿ ಒಂದು ಬಾಗಿಲು ಒದ್ದು ಒಳಗೆ ನುಗ್ಗಿ ನಾನು ಏನು ಮಾಡಿದೆ ಎನ್ನುವುದನ್ನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಊರಿಗೆ ಬಂದ ದಿನ ಯಜಮಾನರು ಕೇಳಿದರು. ಮೇಲೆ ನನ್ನ ಹೆಂಡತಿಯೂ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಎರಡನೆಯ ಸಲ ಕೇಳುವವರೆಗೂ ಕಾಯಲಿಲ್ಲ ನಾನು. "ಊರಿಗಾಗಿ" ಎಂದೆ, ಕೈ ತೊಳೆದೆ, ಮನೆಗೆ ಹೋಗಿ ಹೊಟ್ಟೆತುಂಬ ಉಂಡೆ. ಕಾಟಯ್ಯನನ್ನು ಹೇಡಿ ಎನ್ನುವವರು ಈಗಲೂ ಇದ್ದಾರೆ. ಅವರು ನನ್ನನ್ನು ನೋಡಿಲ್ಲ.

ಹೊಂಡ ನೋಡಲು ಬಂದವರು ಆ ಅಗಲದ ಮೆಟ್ಟಿಲ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಕೂರಲಿ ಬಿಡಿ, ಯಾರೂ ಬೇಡ ಎನ್ನುವುದಿಲ್ಲ. ನಾನು ಮಾತ್ರ, ಮಂಡಿ ಎಷ್ಟೇ ನೋಯಲಿ, ಅದನ್ನು ತುಳಿಯದೆ ದಾಟಿಕೊಂಡೇ ಇಳಿಯುತ್ತೇನೆ.