ಆಕಾಶ ಹೊತ್ತ ಗಗನಯ್ಯ

ಒಂದು ಕುರುಚಲು ಕಾಡು, ಅದರ ನಡುವೆ ಒಂದು ಕೆರೆ. ಆ ಕೆರೆಯ ದಂಡೆಯ ಕಲ್ಲುನೆಲದಲ್ಲಿ ಒಂದು ಟಿಟ್ಟಿಭ ಹಕ್ಕಿ ತನ್ನ ಹೆಂಡತಿಯೊಡನೆ ವಾಸವಾಗಿತ್ತು. ಮಟಮಟ ಮಧ್ಯಾಹ್ನವಾದರೆ ಸಾಕು, ಅವನು ಅಂಗಾತ ಮಲಗಿ ಎರಡೂ ಕಾಲನ್ನು ಮೇಲಕ್ಕೆತ್ತಿ ಹಿಡಿಯುತ್ತಿದ್ದ. ಬಿಸಿಲಿಗೆ ಆಕಾಶದ ಬೆಸುಗೆ ಸಡಿಲವಾಗುತ್ತದೆ, ಹೊತ್ತು ಇಳಿಯುವ ತನಕ ನಮ್ಮ ವಂಶದವರೇ ಅದನ್ನು ಹೊರಬೇಕು ಎಂದು ಅವನಪ್ಪ ಹೇಳಿದ್ದ. ನೆರೆಹೊರೆಯವರು ಅವನಿಗೆ ಗಗನಯ್ಯ ಎಂದು ಹೆಸರಿಟ್ಟಿದ್ದರು. ಅದು ಗೇಲಿ ಎಂದು ಪಾಪ ಅವನಿಗೆ ಹೊಳೆದಿರಲಿಲ್ಲ, ಬಿರುದೆಂದೇ ಹಿಗ್ಗುತ್ತಿದ್ದ.

ಒಂದು ದಿನ ಪಕ್ಕದ ಆಮೆಜ್ಜಿ ಕೇಳಿದಳು: “ಆಕಾಶ ಅಂದ್ರೆ ಏನಪ್ಪ ಗಗನಯ್ಯ? ಚಪ್ಪರವೋ, ಬಂಡೆಯೋ?”

ಅವನು ಅದನ್ನು ಯೋಚಿಸಿಯೇ ಇರಲಿಲ್ಲ. ಏನೋ ಭಾರವಾದದ್ದು ಎಂದ.

“ಭಾರ ಅಂತ ಹೇಗೆ ಗೊತ್ತಾಯ್ತು? ಕಾಲಿಗೆ ತಾಗಿದೆಯಾ?”

“ತಾಗಿಲ್ಲ. ಆದರೆ ನಾನು ಕಾಲೆತ್ತಿದ್ದೇನೆ, ಅದು ಬಿದ್ದಿಲ್ಲ. ಅಂದಮೇಲೆ ನಾನೇ ಹೊತ್ತಿರಬೇಕಲ್ಲ?”

“ತನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯ್ತು ಅಂದಳಂತೆ ಒಬ್ಬ ಮುದುಕಿ” ಎಂದು ಆಮೆಜ್ಜಿ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಳು.

ಗಗನಯ್ಯನಿಗೆ ರೇಗಿತು. ಕೆಲಸವಿಲ್ಲದವರ ಪ್ರಶ್ನೆ ಎಂದುಕೊಂಡು ಕಣ್ಣು ಮುಚ್ಚಿದ. ಆದರೆ ನಿದ್ದೆ ಹತ್ತಲಿಲ್ಲ.

ಅಷ್ಟರಲ್ಲಿ ಹೆಂಡತಿ ಓಡಿ ಬಂದಳು. ಕಾಡೆಮ್ಮೆಗಳ ಹಿಂಡು ನೀರಿಗೆ ಇಳಿಯುತ್ತಿತ್ತು, ಅದೂ ನೇರ ಅವರ ನಾಲ್ಕು ಮೊಟ್ಟೆಗಳಿದ್ದ ಗೂಡಿನ ಕಡೆಗೇ. ಕಲ್ಲಿನ ಬಣ್ಣದ ಮೊಟ್ಟೆಗಳು ಅವುಗಳ ಕಣ್ಣಿಗೆ ಬೀಳುವಂತಿರಲಿಲ್ಲ. ಅವಳೊಬ್ಬಳಿಂದ ಹಿಂಡನ್ನು ತಿರುಗಿಸಲು ಆಗದು.

“ನಾನು ಎದ್ದರೆ ಲೋಕವೇ ಅಪ್ಪಚ್ಚಿಯಾಗುತ್ತೆ ಕಣೇ” ಎಂದ ಗಗನಯ್ಯ.

“ಎದ್ದರೆ ಆಕಾಶ ಬೀಳುತ್ತೋ ಇಲ್ಲವೋ ನಂಗೊತ್ತಿಲ್ಲ. ಏಳದಿದ್ದರೆ ಮಕ್ಕಳು ಉಳಿಯಲ್ಲ, ಅದು ಇಬ್ಬರಿಗೂ ಗೊತ್ತು. ಈಗ ಏನು ಮಾಡಬೇಕು, ನೀವೇ ಹೇಳಿ.”

ಆಕಾಶವನ್ನು ತಾನು ಮುಟ್ಟಿಯೇ ಇಲ್ಲ, ಇಷ್ಟು ದಿನ ಹೊತ್ತದ್ದು ಅಪ್ಪನ ಮಾತೊಂದನ್ನೇ ಎಂದು ಗಗನಯ್ಯನಿಗೆ ಆಗ ಅನ್ನಿಸಿತು. ಉಸಿರು ಬಿಗಿಹಿಡಿದು ಒಂದು ಕಾಲು ಇಳಿಸಿದ. ಏನೂ ಆಗಲಿಲ್ಲ. ಇನ್ನೊಂದನ್ನೂ ಇಳಿಸಿ ಹಾರಿದ. ಗಂಡಹೆಂಡಿರು ಕಿರುಚುತ್ತ ಮುಂದಿನ ಎಮ್ಮೆಯ ಮುಖಕ್ಕೇ ಎರಗಿದರು. ಅದು ಬೆಚ್ಚಿ ಪಕ್ಕಕ್ಕೆ ಹೊರಳಿತು, ಹಿಂಡೂ ಹಿಂದೆಯೇ ಹೊರಳಿತು. ಆದರೆ ತಡವಾಗಿತ್ತು. ಒಂದು ಮೊಟ್ಟೆ ಗೊರಸಿಗೆ ಸಿಕ್ಕಿ ಹೋಗಿತ್ತು, ಮೂರು ಉಳಿದವು. ಹೋದ ಒಂದಕ್ಕಾಗಿ ಗಗನಯ್ಯ ಬಿಕ್ಕಿ ಬಿಕ್ಕಿ ಅತ್ತ.

ದೊಡ್ಡ ವಿದ್ಯಾಲಯಗಳಲ್ಲಿ ಈ ಪ್ರಶ್ನೆಗಳಿಗೆ ಭಾರಿ ಹೆಸರುಗಳಿವೆ, ಮಕ್ಕಳೇ. ಇರುವುದೇನು ಎಂದು ಕೇಳುವುದು ಸತ್ತಾಮೀಮಾಂಸೆ, ಹೇಗೆ ಗೊತ್ತು ಎಂದು ಕೇಳುವುದು ಜ್ಞಾನಮೀಮಾಂಸೆ. ಒಂದು ಮಾತಿನಿಂದ ಇನ್ನೊಂದು ಹೊರಡುತ್ತದೆಯೇ ಎಂದು ನೋಡಿದರೆ ತರ್ಕ, ಏನು ಮಾಡಬೇಕು ಎಂದು ಕೇಳಿದರೆ ನೀತಿಶಾಸ್ತ್ರ. ಎಲ್ಲವೂ ತತ್ತ್ವಶಾಸ್ತ್ರದ ಕೊಂಬೆಗಳೇ. ಗಗನಯ್ಯನಿಗೆ ಇದರಲ್ಲಿ ಒಂದು ಹೆಸರೂ ಗೊತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಅವನು ಕಾಲು ಮಡಚಿಕೊಂಡು ಆಮೆಜ್ಜಿಯ ಬಳಿ ಬಂದು ಕುಳಿತ.

“ಅಜ್ಜೀ, ನಾನಲ್ಲದಿದ್ದರೆ ಆಕಾಶ ಹೊತ್ತವರು ಯಾರು?”

“ನಂಗೂ ಗೊತ್ತಿಲ್ಲಪ್ಪ” ಎಂದಳು ಆಮೆಜ್ಜಿ. “ಸ್ವಲ್ಪ ಈ ಕಡೆ ಬಾ, ನೆರಳಿದೆ. ಇಬ್ಬರೂ ಯೋಚಿಸೋಣ.”

ನೀತಿ: ಯಾರೋ ಹೇಳಿದರೆಂದು ಹೊರುವ ಮೊದಲು, ಹೊರೆ ಇದೆಯೇ ಎಂದು ಕೇಳಿ ನೋಡು.