ಬೀಗರು ಕೇಳಿದ ಆಯಿಲ್ ಸೀಲು

ತಿಪಟೂರಿನ ವಾಹನ ಬಿಡಿಭಾಗದ ಅಂಗಡಿಯೊಂದರಲ್ಲಿ ಒಬ್ಬ ಗುಮಾಸ್ತನಿದ್ದ. ಒಂದು ದಿನ ಅಂಗಡಿ ಸಾಹುಕಾರರ ಬೀಗರು ಗುರುಸಿದ್ದಪ್ಪನವರು ಬಂದರು.

"ನನ್ನ ವ್ಯಾನಿಗೆ ಇಪ್ಪತ್ತೈದು ವರ್ಷ. ಇಂಜಿನ್ನಿನ ಎಣ್ಣೆ ಸೋರದ ಹಾಗೆ ತಡೆಯೋ ಆಯಿಲ್ ಸೀಲು ಆ ಕಾಲದ್ದೇ ಬೇಕು. ಹೊಸ ಮಾಲು ತೋರಿಸಿದರೆ ನಾಳೆಯಿಂದ ನಿನಗೆ ಇಲ್ಲಿ ಕೆಲಸ ಇರೋದಿಲ್ಲ."

"ಇದೆ ಯಜಮಾನ್ರೇ" ಎಂದು ಗುಮಾಸ್ತ ಒಳಗೆ ಹೋದ. ಸೀಮೆಎಣ್ಣೆಯಲ್ಲಿ ತೊಳೆದ ಸೀಲೊಂದನ್ನು ಕಾಗದದಲ್ಲಿ ಸುತ್ತಿ ತಂದ. "ಅಪ್ಪಟ ಆ ಕಾಲದ್ದು. ಸ್ವಲ್ಪ ಬಗ್ಗಿಸಿ ನೋಡಿ."

ಬೀಗರು ಬಗ್ಗಿಸಿದರು. ರಬ್ಬರಿನ ಅಂಚು ಹಪ್ಪಳದ ಹಾಗೆ ಮುರಿಯಿತು.

"ಇದು ಯಾವನ ನಕಲಿ ಮಾಲಯ್ಯಾ?"

"ತಮ್ಮ ವ್ಯಾನಿನದೇ. ಅಳತೆಗೆ ಅಂತ ಮೆಕ್ಯಾನಿಕ್ಕು ಬೆಳಿಗ್ಗೆ ಬಿಚ್ಚಿ ಕಳಿಸಿದ್ದ. ಆ ಕಾಲದ್ದು ಅಂತ ಇದೊಂದೇ ಉಳಿದಿತ್ತು."

ಬೀಗರು ತುಂಡುಗಳನ್ನು ಮೆಲ್ಲಗೆ ಕೆಳಗಿಟ್ಟರು.

"ಹೊಸದನ್ನೇ ಕೊಡು" ಎಂದರು. "ನಾನು ಕೇಳಿದ್ದೂ ಹೊಸದನ್ನೇ ಅಂತ ನಿಮ್ಮ ಸಾಹುಕಾರರಿಗೆ ಹೇಳು."